ಹಲ್ಲಕ್ಕನ ಪಾಲು

ಓಣಿಯವರಿಗೆಲ್ಲ ಅವಳು ಹಲ್ಲಕ್ಕ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಉಜ್ಜುವುದು ಹದಿನೇಳು ವರ್ಷದಿಂದ ಅವಳ ಕೆಲಸ. ಮನೆಯ ಹಿಂದಿನ ಕೋಣೆಯೇ ವರ್ಕ್‌ಶಾಪು. ಅರವತ್ತರ ಮುಖಕ್ಕೆ ಇಪ್ಪತ್ತರ ಬಿಳುಪು ಕೊಟ್ಟರೆ ಬಾಯಿ ತೆರೆಯುವ ಮೊದಲೇ ಸುಳ್ಳು ಹೇಳಿದಂತೆ ಎಂದು, ಕಿಟಕಿಯ ಬೆಳಕಿಗೆ ಹಿಡಿದು ತುಸು ಹಳದಿಯವನ್ನೇ ಆರಿಸುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ನಕ್ಕರೆ ತನ್ನ ಕೈಕೆಲಸ ಅವಳಿಗೆ ಗುರುತು ಸಿಗುತ್ತಿತ್ತು.

ಗಂಡ ಸಿದ್ಧವಾದ ಹಲ್ಲುಸೆಟ್ಟುಗಳ ಡಬ್ಬಿಗಳನ್ನು ಬೈಕಿನಲ್ಲಿ ವೈದ್ಯರಿಗೆ ಮುಟ್ಟಿಸಿ ಬರುತ್ತಿದ್ದ. ಬೋರ್ಡು, ಮನೆ, ಯಂತ್ರ ಎಲ್ಲವೂ ಅವನ ಹೆಸರಲ್ಲಿ. ಮೂರು ತಿಂಗಳ ಹಿಂದೆ ಅವನೇ ಕೋಣೆಗೆ ಬೀಗ ಜಡಿದು ವಿಚ್ಛೇದನಕ್ಕೆ ಅರ್ಜಿ ಹಾಕಿದ. ಅವಳು ಕೇಳಿದ್ದು ವರ್ಕ್‌ಶಾಪಿನಲ್ಲಿ ಅರ್ಧ ಪಾಲು.

ಕೋರ್ಟಿನ ಸಂಧಾನದ ಕೋಣೆಯಲ್ಲಿ ತಮ್ಮನ ಪಕ್ಕ ಕೂತು, ಗಂಡನ ಕಡೆಯ ಕಾಗದಗಳನ್ನು ಅವಳು ಬೆರಳಿಟ್ಟು ಓದಿದಳು.

"ಮೇಡಂ, ಮೂರನೇ ಪುಟದಲ್ಲಿ ನಾನು ಅಡುಗೆಮನೆ ಬಿಟ್ಟು ಹೊರಗೇ ಬಂದಿಲ್ಲ, ಅದಕ್ಕೆ ಪಾಲಿಲ್ಲ ಅಂತಿದೆ. ಐದನೇ ಪುಟದಲ್ಲಿ ನಾನು ನುರಿತ ಕೆಲಸಗಾರ್ತಿ, ಎಲ್ಲಿ ಹೋದ್ರೂ ದುಡ್ಕೋತೀನಿ, ಅದಕ್ಕೆ ಜೀವನಾಂಶ ಬೇಡ ಅಂತಿದೆ. ಇವರು ಬಿಡ್ತಿರೋದು ಯಾವ ಹೆಂಡ್ತೀನ?"

ಸಂಧಾನದ ಮೇಡಂ ಎರಡೂ ಪುಟ ತಿರುವಿ ನೋಡಿ ಗಂಡನ ಕಡೆ ತಿರುಗಿದರು. "ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ ಕಣ್ರೀ. ಒಂದನ್ನ ಹೊಡೆದುಹಾಕಿ."

ಅವನು ವಕೀಲರ ಕಿವಿಯಲ್ಲಿ ಏನೋ ಉಸುರಿ, ಐದನೇ ಪುಟಕ್ಕೆ ಅಡ್ಡಗೆರೆ ಎಳೆದ. "ತಿಂಗಳು ತಿಂಗಳು ಕೊಡ್ತೀನಿ ಬಿಡಿ. ಕೂತು ತಿನ್ನಲಿ."

ತಮ್ಮನ ಮುಖ ಅರಳಿತು. "ಗೆದ್ದೆ ಅಕ್ಕಾ! ಸಹಿ ಹಾಕು. ಇಷ್ಟು ವರ್ಷ ಹಲ್ಲು ಕಚ್ಕೊಂಡಿದ್ದೆ, ಇನ್ನೊಂದು ನಿಮಿಷ ಕಚ್ಕೋ."

ಅವಳು ಗಂಡನನ್ನೇ ನೋಡಿದಳು. ಹೊಸ ಚಪ್ಪಲಿಗೂ ಕೈ ಬಿಚ್ಚದವನು ಬದುಕಿಡೀ ಕೊಡಲು ಒಪ್ಪಿದ್ದ. ಅವಳು ದುಡಿದಳು ಎಂಬ ಒಂದು ಮಾತು ಮಾತ್ರ ಅವನ ಗಂಟಲಿನಿಂದ ಹೊರಡದು. ಪ್ಲಾಸ್ಟರಿಗೆ ಬಿರುಕುಬಿಟ್ಟ ಅವಳ ಬೆರಳುಗಳು ಮೇಜಿನ ಮೇಲೆಯೇ ಇದ್ದವು. ಅವನು ಆ ಕಡೆ ಕಣ್ಣು ಹಾಯಿಸಲಿಲ್ಲ.

"ನಾನು ಕೆಲಸಾನೇ ಮಾಡಿಲ್ಲ ಅಂತ ಬರೆದಿರೋ ಕಾಗದಕ್ಕೆ ಸಹಿ ಹಾಕಲ್ಲ ಕಣೋ."

"ಹಟ ಮಾಡ್ಬೇಡ. ಕೇಸು ವರ್ಷಗಟ್ಟಲೆ ಎಳೆಯುತ್ತೆ."

"ಎಳೀಲಿ."

ಮೂರನೇ ಪುಟ ತೆರೆದು, ಹೊಡೆದುಹಾಕಲೆಂದು ಪೆನ್ನನ್ನು ಗಂಡನ ಮುಂದೆ ಸರಿಸಿದಳು. ಅವನು ಮುಟ್ಟಲಿಲ್ಲ. ಮೇಡಂ ಕಾದು ಕಾದು ಮುಂದಿನ ತಿಂಗಳ ತಾರೀಖು ಹೇಳಿದರು.

"ಬರ್ತೀನಿ ಮೇಡಂ," ಎಂದು ಹಲ್ಲಕ್ಕ ಎದ್ದಳು. "ಆ ಬೀಗದ ಕೋಣೆ ಒಳಗೆ ಇನ್ನೂ ನಾಲ್ಕು ಜನರ ಹಲ್ಲು ಅರ್ಧಕ್ಕೆ ನಿಂತಿವೆ. ಅವು ಯಾರು ಕಟ್ಟಿದ್ದು ಅಂತ ಅಷ್ಟರಲ್ಲಿ ಇವರನ್ನೇ ಕೇಳಿಡಿ."