ಹಬೆಯಲ್ಲಿ ಉಪ್ಪು ನೋಡುತ್ತಿದ್ದ ದೊಡ್ಡವ್ವ

ದೊಡ್ಡವ್ವ ಅಡುಗೆಯನ್ನು ನಾಲಿಗೆಯಿಂದ ರುಚಿ ನೋಡಿದವಳಲ್ಲ. ಕುದಿಯುವ ಸಾರಿನ ಮುಚ್ಚಳ ತೆಗೆದು, ಸೆರಗಿನಿಂದ ಹಬೆಯನ್ನು ಮುಖದ ಕಡೆಗೆ ಒಮ್ಮೆ ಬೀಸಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆಮೇಲೆ ಉಪ್ಪಿನ ಮಡಕೆಗೆ ಕೈ ಹಾಕುವಳು, ಇಲ್ಲವೇ ಹಾಗೆಯೇ ಪಾತ್ರೆ ಇಳಿಸುವಳು. "ನಾಲ್ಗೆ ಅಸ್ದಿದ್ರೆ ಒಂದು ಯೋಳ್ತದೆ, ಒಟ್ಟೆ ತುಂಬಿದ್ರೆ ಇನ್ನೊಂದು. ಮೂಗು ಅಂಗಲ್ಲ" ಎನ್ನುತ್ತಿದ್ದಳು.

ನಮ್ಮೂರು ಕಲ್ಯದಲ್ಲಿ ಯಾರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಎಡೆಯ ಅಡುಗೆಯನ್ನು ಸತ್ತವರ ಮುಂದೆ ಇಡುವ ಮೊದಲು ಬದುಕಿರುವವರು ಬಾಯಿಗೆ ಹಾಕುವಂತಿಲ್ಲ, ಹಾಕಿದರೆ ಎಂಜಲು. ರುಚಿ ನೋಡದೆ ಊರಿಗೆಲ್ಲ ಬೇಯಿಸಬಲ್ಲವಳು ಅವಳೊಬ್ಬಳೇ.

ಅವಳು ನನ್ನ ತಂದೆಯ ಅಣ್ಣನ ಹೆಂಡತಿ. ಹೊಗಳಿದರೆ ಅವಳಿಗೆ ಆಗುತ್ತಿರಲಿಲ್ಲ. ಇವತ್ತು ಸಾರು ಚೆನ್ನಾಗಿದೆ ಎಂದು ಅಪ್ಪ ಒಮ್ಮೆ ಅಂದಾಗ, "ಅಂಗಾರೆ ನಿನ್ನೇದು ಕೆಟ್ಟಿತ್ತಾ?" ಎಂದು ಕೇಳಿ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದ್ದಳು.

ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಬಿಡದಿ ಕಡೆಯ ಒಂದು ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದಳು. ದೊಡ್ಡ ಕಾರ್ಖಾನೆಗಳ ಸುತ್ತ ಅಂಥ ತಗಡಿನ ಶೆಡ್ಡುಗಳು ಆಗ ಒಂದರ ಹಿಂದೊಂದು ಏಳುತ್ತಿದ್ದವು. ಬೆಳಗಿನ ಮಂಜಿನಲ್ಲೇ ಟೆಂಪೊ ಬಂದು ಹೆಂಗಸರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಬಣ್ಣ ಹೊಡೆಯುವ ಮೊದಲು ಕಬ್ಬಿಣದ ಬಿಡಿಭಾಗಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಅವಳ ಪಾಲಿನ ಕೆಲಸ. ಮನೆಯ ಹೆಂಗಸು ಹಾಗೆ ದುಡಿಯಲು ಹೋಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಮಗಳು ಸವಿತಾಳನ್ನು ತಾನೇ ಓದಿಸುತ್ತೇನೆ ಎಂದು ದೊಡ್ಡವ್ವ ಹಟ ಹಿಡಿದು ಹೋದಳು. ಸವಿತಾ ರಾಮನಗರದಲ್ಲಿ ನರ್ಸಿಂಗಿಗೆ ಸೇರಿದಳು.

ದೊಡ್ಡಪ್ಪನ ಮೂರನೇ ವರ್ಷದ ಎಡೆ ಮಾರ್ಗಶಿರದಲ್ಲಿ ಬಂತು, ಅವರೆಕಾಯಿಯ ಕಾಲದಲ್ಲಿ. ನಾನು ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದವಳು ಎರಡು ದಿನಕ್ಕೆಂದು ಬಂದಿದ್ದೆ. ಹೊತ್ತೇರಿದರೂ ಹೊರಗೆ ಬಿಸಿಲಿರಲಿಲ್ಲ. ಗಂಡಸರು ಸ್ನಾನಕ್ಕೆ ಕೆರೆಗೆ ಹೋಗಿದ್ದರು. ಪರೀಕ್ಷೆಯಿದ್ದ ಸವಿತಾ ಬಂದಿರಲಿಲ್ಲ. ಹಿತುಕಿದ ಅವರೆಕಾಳಿನ ಸಾರು ಒಲೆಯ ಮೇಲಿತ್ತು. ಪಲ್ಯಕ್ಕೆಂದು ಉಳಿಸಿದ್ದ ಕಾಳನ್ನು ಹಿತುಕುತ್ತ ನಾವಿಬ್ಬರೂ ಒಲೆಯ ಶಾಖಕ್ಕೆ ಕೂತಿದ್ದೆವು. ಈ ಸಾರಿದ್ದ ದಿನ ದೊಡ್ಡಪ್ಪ ಹೊಲದಿಂದ ಎಷ್ಟು ಬೇಗ ಬಂದುಬಿಡುತ್ತಿದ್ದ, ಏನೇನು ನೆವ ಹೇಳುತ್ತಿದ್ದ ಎಂದು ಅವಳು ಹೇಳಿ ನಗಿಸುತ್ತಿದ್ದಳು.

ನಾನು ಕೊತ್ತಂಬರಿ ಕೀಳಲು ಹಿತ್ತಿಲಿಗೆ ಹೋದೆ. ಅಲ್ಲಿಗೇ ಸೀದ ವಾಸನೆ ಬಂತು. ಓಡಿ ಬಂದು ನೋಡಿದರೆ ದೊಡ್ಡವ್ವ ಪಾತ್ರೆಯ ಮೇಲೆ ಬಾಗಿ, ಸೆರಗಿನಿಂದ ಹಬೆ ಬೀಸಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಆಮೇಲೆ ನಿಧಾನವಾಗಿ ಒಂದು ಚಿಟಿಕೆ ಉಪ್ಪು ಹಾಕಿದಳು.

"ದೊಡ್ಡವ್ವ, ಸಾರು ಸೀದೋಗೈತೆ" ಎಂದೆ.

"ಯಾವ ಸಾರು?" ಎಂದಳು.

ನಾನು ಸೌಟಿನಿಂದ ತಳ ಕೆರೆದು ತೋರಿಸಿದೆ. ಕರಿ ಹಕ್ಕಳೆ ಎದ್ದು ಬಂತು. ಅದನ್ನೇ ನೋಡುತ್ತಿದ್ದವಳು ಹೋಗಿ ಹಿತ್ತಿಲ ಬಾಗಿಲ ಚಿಲಕ ಹಾಕಿದಳು. ಈ ಸಲದ ಶ್ರಾವಣದಿಂದ ಹೀಗಂತೆ. ಮೊದಲು ಮೂಗು ಉರಿಯುತ್ತಿತ್ತು, ಕೆಲವು ದಿನ ರಕ್ತವೂ ಬಂತಂತೆ. "ಆಮ್ಯಾಕೆ ಉರಿ ನಿಂತೋಯ್ತಲ್ಲ, ವಾಸಿಯಾಯ್ತು ಅನ್ಕಂಡೆ" ಎಂದಳು. ಬೇರೆಯವರ ಮನೆಯ ಕರೆಗಳನ್ನು ಮೈ ಹುಷಾರಿಲ್ಲವೆಂದು ತಪ್ಪಿಸಿಕೊಂಡಿದ್ದಳು. ಗಂಡನ ಎಡೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಕೆಲಸ ಬಿಟ್ಟುಬಿಡು ಎಂದೆ. ನಮ್ಮ ಪ್ರಯೋಗಾಲಯದಲ್ಲಿ ಅಂಥ ಆಸಿಡ್ ಬಾಟಲಿಯ ಮುಚ್ಚಳವನ್ನು ಹೊಗೆ ಹೀರುವ ಗೂಡಿನ ಹೊರಗೆ ತೆರೆಯಲು ಬಿಡುವುದಿಲ್ಲ ಎಂದೂ ಹೇಳಿದೆ.

"ನಿಮ್ಮಪ್ಪಂಗೆ ಗೊತ್ತಾದ್ರೆ ನಾಳೇಕೇ ನಿಲ್ಲುಸ್ಬುಡ್ತಾನೆ. ಸವಿತಂದು ಇನ್ನೆರಡು ವರ್ಸ ಐತೆ. ಅಲ್ಲೀಗಂಟ ನೀನು ಬಾಯ್ ಬುಡ್ಬ್ಯಾಡ ಕಣವ್ವ. ಮೂಗಿಲ್ದಿದ್ರೆ ಏನು, ಬದ್ಕಾಕಾಗಕಿಲ್ವಾ?"

ಹಾಳಾಗುವುದು ಮೂಗೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಸರಿ ಎಂದೆ.

ಸೀದದ್ದನ್ನು ತಿಪ್ಪೆಗೆ ಸುರಿದು, ಪಲ್ಯದ ಕಾಳಿನಿಂದ ಮತ್ತೆ ಸಾರಿಗಿಟ್ಟೆವು. ಈ ಸಲ ಹಬೆಗೆ ಮುಖ ಒಡ್ಡಿದವಳು ನಾನು. "ಉಪ್ಪು ಎಂಗೈತೆ?" ಎಂದು ಕೇಳಿದಳು. ನನಗೆ ಕೊತ್ತಂಬರಿ, ಬೆಳ್ಳುಳ್ಳಿ ಗೊತ್ತಾಯಿತು, ಉಪ್ಪು ಗೊತ್ತಾಗಲಿಲ್ಲ. ಸಾಕು ಎಂದುಬಿಟ್ಟೆ.

ಎಡೆ ಇಟ್ಟು, ಕೈ ಮುಗಿದು, ಎಲ್ಲರೂ ಎಲೆಯ ಮುಂದೆ ಕೂತಾಗ ಅಪ್ಪ, "ಅತ್ಗೆ, ಈ ಸಲ ಉಪ್ಪು ಒಸಿ ಕಮ್ಮಿ" ಎಂದರು.

"ನಿಮ್ಮಣ್ಣಂಗೆ ಬೀಪಿ ಇತ್ತಲ್ಲ. ಎಡೆ ಇಟ್ಟಿದ್ದು ಅವರ್ಗೆ, ನಿಂಗಲ್ಲ" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಚಳಿಯಲ್ಲಿ ಬಿಸಿ ಸಾರಿಗೆ ಎಲ್ಲರೂ ಎರಡೆರಡು ಮುದ್ದೆ ತಿಂದರು.

ಅವಳು ಇನ್ನೆರಡು ವರ್ಷ ಟೆಂಪೊ ಹತ್ತಿದಳು. ಊರಿಗೆ ಹೋದಾಗಲೆಲ್ಲ ಕೆಮ್ಮು ಮೊದಲಿಗಿಂತ ಆಳದಿಂದ ಬರುವುದು ಕೇಳುತ್ತಿತ್ತು. ಸವಿತಾ ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ತಿಂಗಳೇ ದೊಡ್ಡವ್ವ ಶೆಡ್ಡು ಬಿಟ್ಟಳು. ಅಷ್ಟರಲ್ಲಿ ಮುದ್ದೆ ತಿರುವಲು ಉಸಿರು ಸಾಲುತ್ತಿರಲಿಲ್ಲ. ಮುಂದಿನ ಚಳಿಗಾಲವನ್ನು ಅವಳು ಕಾಣಲಿಲ್ಲ.

ಅವಳು ತೀರಿಕೊಂಡ ಹನ್ನೊಂದನೇ ದಿನದ ಊಟಕ್ಕೆ ಸವಿತಾ ಬಡಿಸುತ್ತ ಬಂದಳು. ನನ್ನ ಎಲೆಯ ಮುಂದೆ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ, "ಅಕ್ಕ, ಅವ್ವಂಗೆ ವಾಸ್ನೆ ಯಾವಾಗ್ಲಿಂದ ಗೊತ್ತಾಯ್ತಿರ್ಲಿಲ್ಲ ಅಂತ ಡಾಕ್ಟ್ರು ಕೇಳಿದ್ರು. ನಂಗೆ ಅದೇ ಗೊತ್ತಿರ್ಲಿಲ್ಲ. ನಿಂಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಯಾವಾಗ್ಲಿಂದ?"

"ನೀನು ಮೊದಲ್ನೇ ವರ್ಷದಲ್ಲಿದ್ದಾಗ್ಲಿಂದ."

ಅವಳು ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು, ಪಾತ್ರೆಯನ್ನು ನೆಲದ ಮೇಲಿಟ್ಟು ಎದ್ದು ಹೋದಳು. ನನ್ನ ಎಲೆಗೆ ಬಡಿಸಿದವರು ಬೇರೆ ಯಾರೋ.