ಕೈ ನೋಡಿ ಮಾಡಿದ ಚಾಕು

ನಿಮ್ಮ ಮನೆಯ ಚಾಕು ಮೊಂಡಾಗಿದೆ. ಅದು ನಿಮಗೆ ಗೊತ್ತಿಲ್ಲ, ಯಾಕೆಂದರೆ ದಿನಾ ಅದನ್ನು ಹಿಡಿಯುವವರು ನೀವಲ್ಲ. ಹಿಡಿಯುವವರು ನಿಮ್ಮ ತಾಯಿ, ಹೆಂಡತಿ, ಇಲ್ಲವೇ ಬೆಳಿಗ್ಗೆ ಆರಕ್ಕೆ ಬೆಲ್ ಒತ್ತುವ ಅಡುಗೆಯವರು. ಆ ಚಾಕುವಿನಲ್ಲಿ ಒಂದು ಟೊಮೆಟೊ ಹೆಚ್ಚಿ ನೋಡಿ. ಅದು ಕೊಯ್ಯುವುದಿಲ್ಲ, ಜಜ್ಜುತ್ತದೆ. ಒತ್ತಿದರೆ ಜಾರುತ್ತದೆ, ಜಾರಿದರೆ ಬೆರಳು. ಫೋನಿನ ಗಾಜಿಗೆ ಗೀರು ಬಿದ್ದರೆ ಅಂದೇ ಅಂಗಡಿಗೆ ಓಡುತ್ತೇವೆ. ಚಾಕುವಿಗೆ ಸಾಣೆ ಹಿಡಿಸಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ.

ಉತ್ತರಹಳ್ಳಿಯ ಗಂಗಾಧರಯ್ಯನವರನ್ನು ಕೇಳಿದರೆ ತಾರೀಖು ಸಮೇತ ಹೇಳುತ್ತಾರೆ. ಅರವತ್ತೇಳರ ಅವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗ ಲೇಔಟ್. ಉಳಿದ ಸೈಟಿನಲ್ಲಿ ಮೂರಂತಸ್ತಿನ ಮನೆ, ಬಾಡಿಗೆಗೆ ಆರು ಪೋರ್ಶನ್. ಇಂಥವರು ನಿವೃತ್ತರಾದ ಮೇಲೆ ಏನು ಮಾಡುತ್ತಾರೆಂದು ಈ ಕಡೆಯವರಿಗೆಲ್ಲ ಗೊತ್ತು: ಇನ್ನೊಂದು ಅಂತಸ್ತು ಎಬ್ಬಿಸುತ್ತಾರೆ. ಗಂಗಾಧರಯ್ಯನವರು ಹಿತ್ತಲಲ್ಲಿ ಕುಲುಮೆ ಹಾಕಿದರು.

ಹಳೆಯ ಡ್ರಮ್ಮಿನ ತಳ ಕತ್ತರಿಸಿ, ಜೇಡಿಮಣ್ಣು ಮೆತ್ತಿದ ಒಲೆ ಅದು. ಇಸ್ತ್ರಿ ಅಂಗಡಿಗೆ ಬರುವ ಇದ್ದಿಲೇ ಇದಕ್ಕೂ. ಗಾಳಿ ಊದಲು ಸಣ್ಣದೊಂದು ಬ್ಲೋವರ್. ಇಟ್ಟು ಬಡಿಯಲು, ಗುಜರಿಯಲ್ಲಿ ಸಿಕ್ಕ ಕಬ್ಬಿಣದ ದಿಮ್ಮಿಯೇ ಅಡೆಗಲ್ಲು. ಲೋಹ ಮಾತ್ರ ಒಳ್ಳೆಯ ಜಾತಿಯದು, ಬಸ್ಸಿನ ಭಾರವನ್ನೆಲ್ಲ ಹೊರುವ ಕಮಾನು ಪಟ್ಟಿ. ಮುರಿದ ಪಟ್ಟಿಗಳನ್ನು ಮೂವತ್ತು ವರ್ಷ ಬಿಚ್ಚಿ ಎಸೆದವರು ಈಗ ಅವನ್ನೇ ಹುಡುಕಿಕೊಂಡು ಗುಜರಿ ಅಲೆಯುತ್ತಾರೆ. ಕೆಂಪಗೆ ಕಾಯಿಸಿ ಬಡಿಯುವುದು, ಅರ ಹಾಕಿ ಉಜ್ಜುವುದು, ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿ ಹದ ಮಾಡುವುದು. ಆ ಎಣ್ಣೆ ಅವರ ಹೆಂಡತಿ ಬೈರಮ್ಮನವರು ಚಕ್ಕುಲಿ ಕರಿದು ಮಿಗಿಸಿದ್ದು. ಅಲಗು ಅದ್ದಿದ ದಿನ ಬೀದಿಗೆಲ್ಲ ಹಬ್ಬದ ವಾಸನೆ.

ಮೊದಲು ಮಾಡಿದ್ದು ಬಾಡು ಕಡಿಯುವ ಮಚ್ಚು. ನಮ್ಮ ಏರಿಯಾಗಳಲ್ಲಿ ಮಚ್ಚು ಎಂದ ಕೂಡಲೇ ಜನಕ್ಕೆ ಪೊಲೀಸ್ ಸ್ಟೇಷನ್ ನೆನಪಾಗುತ್ತದೆ, ಅಡುಗೆಮನೆ ನೆನಪಾಗುವುದಿಲ್ಲ. ಎರಡನೇ ಮಹಡಿಗೆ ಹೊಸದಾಗಿ ಬಂದಿದ್ದವರು, ಓನರ್ ಅದನ್ನು ಬಿಸಿಲಿಗೆ ಹಿಡಿದು ಹೊರಳಿಸಿ ನೋಡುವುದನ್ನು ಕಂಡು ಮೆತ್ತಗೆ ಬಾಗಿಲು ಹಾಕಿಕೊಂಡರಂತೆ. ಟೀ ಅಂಗಡಿಯ ಗೆಳೆಯರು "ಏನ್ ಗಂಗಣ್ಣ, ಯಾವ ಏರಿಯಾ ಈಗ ನಿಂದು?" ಎಂದು ವಾರಗಟ್ಟಲೆ ಕಾಲೆಳೆದರು. ಆಮೇಲೆ ಅವರೇ ಒಬ್ಬೊಬ್ಬರಾಗಿ ಬಂದು ತಮಗೂ ಒಂದು ಚಾಕು ಬೇಕೆಂದು ಕೇಳಿದರು. ಆರು ವರ್ಷದಲ್ಲಿ ನಲವತ್ತಾದವು. ಒಂದನ್ನೂ ಮಾರಲಿಲ್ಲ.

ಅವರದೊಂದು ಕ್ರಮವಿದೆ. ಚಾಕು ಯಾರಿಗೋ ಅವರ ಕೈಗೆ ಹಸಿ ಜೇಡಿಮಣ್ಣಿನ ಉಂಡೆ ಕೊಟ್ಟು, ಚಾಕು ಹಿಡಿದ ಹಾಗೆ ಬಿಗಿಯಾಗಿ ಹಿಡಿಯಲು ಹೇಳುತ್ತಾರೆ. ಬೆರಳು ಮೂಡಿದ ಆ ಅಚ್ಚನ್ನು ಒಣಗಿಸಿ, ಅದರಂತೆ ಹೊಂಗೆ ಮರದಲ್ಲಿ ಹಿಡಿ ಕೆತ್ತುತ್ತಾರೆ. ಅಲಗಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಮಾತ್ರ ಇಳಿಜಾರಾಗಿ ಸಾಣೆ. ಹಳೆಯ ಉತ್ತರಹಳ್ಳಿಯಲ್ಲಿ ಕಮ್ಮಾರ ಲಕ್ಕಪ್ಪನವರು ಹಾಗೆ ಮಾಡುತ್ತಿದ್ದುದನ್ನು ಹುಡುಗನಾಗಿದ್ದಾಗ ನೋಡಿ ಕಲಿತದ್ದು. ಬಲಗೈಯಲ್ಲಿ ಹಿಡಿಯುವವರಿಗೆ ಇಳಿಜಾರು ಬಲಬದಿಗೆ ಇರಬೇಕು. ಆಗ ಅಲಗು ನೇರ ಇಳಿಯುತ್ತದೆ. ನಲವತ್ತಕ್ಕೆ ನಲವತ್ತೂ ಬಲಬದಿಯವೇ.

ನಲವತ್ತೊಂದನೆಯದು ರೇಣವ್ವನವರಿಗೆ.

ರೇಣವ್ವನವರು ಬಾದಾಮಿ ಕಡೆಯವರು, ಗಂಗಾಧರಯ್ಯನವರ ಕೆಳಗಿನ ಪೋರ್ಶನ್ನಿನ ಬಾಡಿಗೆದಾರರು. ಒಂಬತ್ತು ವರ್ಷದಿಂದ ಪುಟ್ಟೇನಹಳ್ಳಿ, ಜೆ.ಪಿ. ನಗರದ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವರಿಗೆ ಸಿಗದ ವಸ್ತು ಭಾನುವಾರ. ನಾಲ್ಕೂ ಮನೆಯವರಿಗೆ ಭಾನುವಾರವೇ ನೆಂಟರು ಬರುವುದು. ಹೀಗಿರುವಾಗ ಬಿಟಿಎಂ ಲೇಔಟಿನ ಒಂದು ಹೆಣ್ಣುಮಕ್ಕಳ ಪಿಜಿಯಲ್ಲಿ ಅಡುಗೆಯ ಕೆಲಸ ಖಾಲಿಯಾಯಿತು. ಒಂದೇ ಅಡುಗೆಮನೆ, ಎಂಬತ್ತು ಜನ, ವಾರಕ್ಕೊಂದು ರಜೆ. ಹತ್ತು ದಿನ ಕೆಲಸ ನೋಡಿ ಆಮೇಲೆ ಹೇಳುತ್ತೇವೆ ಎಂದರು ಪಿಜಿಯ ಒಡತಿ ಮಧುಮತಿ. ಏಳೂವರೆಗೆ ತಿಂಡಿ ಆಗಲೇಬೇಕು ಎಂಬುದೊಂದೇ ಷರತ್ತು. ರೇಣವ್ವನವರು ನಾಲ್ಕು ಮನೆಗೂ ಹತ್ತು ದಿನ ಬರುವುದಿಲ್ಲ ಎಂದರು. ಎರಡು ಮನೆಯವರು ಮಾರನೆಯ ದಿನವೇ ಬೇರೆಯವರನ್ನು ಹಚ್ಚಿಕೊಂಡರು. ಅಂದರೆ ಈ ಕೆಲಸ ಕೈಬಿಟ್ಟರೆ ಅರ್ಧ ಹೊಟ್ಟೆಪಾಡೂ ಹೋದಂತೆಯೇ.

ಮೊದಲ ಮೂರು ದಿನವೂ ತಿಂಡಿ ತಡ. ಪಿಜಿಯ ಚಾಕುಗಳು ಬೆಣ್ಣೆ ಸವರಲು ಲಾಯಕ್ಕಾದವು, ಹೆಚ್ಚಬೇಕಾದದ್ದು ಬುಟ್ಟಿಗಟ್ಟಲೆ ತರಕಾರಿ. ಬೈರಮ್ಮನವರ ಬಾಯಿಂದ ವಿಷಯ ತಿಳಿದ ಗಂಗಾಧರಯ್ಯನವರು ರೇಣವ್ವನವರನ್ನು ಹಿತ್ತಲ ಕುಲುಮೆಯ ಶೆಡ್ಡಿಗೆ ಕರೆದು ಮಣ್ಣಿನ ಉಂಡೆ ಚಾಚಿದರು. ಅವರು ಸೆರಗಿಗೆ ಬಲಗೈ ಒರೆಸಿಕೊಂಡು ಉಂಡೆ ಹಿಡಿದರು. ಐದನೆಯ ದಿನ ಸಂಜೆ ಚಾಕು ಸಿದ್ಧವಾಯಿತು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದೆಂದು ಜಗಲಿಯ ಮೇಲಿಟ್ಟರು. ರೇಣವ್ವನವರು ಎತ್ತಿ ಕಣ್ಣಿಗೊತ್ತಿಕೊಂಡರು.

ಏಳನೆಯ ದಿನ ಮಧ್ಯಾಹ್ನ ಅದೇ ಚಾಕು ಅದೇ ಜಗಲಿಗೆ ವಾಪಸ್ ಬಂತು.

"ತಗೋರಿ ಕಾಕಾರ, ಬ್ಯಾಡ್ರಿ ನನಗ," ಎಂದರು ರೇಣವ್ವ. "ಚಾಕು ಭಾಳ ಚಲೋ ಐತ್ರಿ. ನನಗ ಒಗ್ಗವಲ್ದು."

ಗಂಗಾಧರಯ್ಯನವರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನಲವತ್ತು ಚಾಕುಗಳಲ್ಲಿ ಒಂದೂ ಹಿಂದಿರುಗಿ ಬಂದಿರಲಿಲ್ಲ. ಏನು ದೋಷವೆಂದು ಕೇಳುವಾಗ ಅವರ ಕಣ್ಣು ರೇಣವ್ವನವರ ಕೈ ಮೇಲೆ ಬಿತ್ತು. ಬಲಗೈಯ ತೋರುಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು. ಗಾಡಿ ಯಾಕೆ ಎಳೆಯುತ್ತದೆ ಎಂದು ಟೈರಿನ ಸವೆತ ನೋಡಿ ಹೇಳುತ್ತಿದ್ದ ಮನುಷ್ಯ ಅವರು.

"ಯಾವ ಕೈಲಿ ಹೆಚ್ತೀಯಮ್ಮ ನೀನು?"

"ಬಲಗೈಲೇ ರೀ."

"ಹಂಗಾದ್ರೆ ಗಾಯ ಎಡಗೈಗೆ ಆಗ್ಬೇಕಿತ್ತಲ್ಲ."

"ರೀ, ಸ್ಟೇಷನ್ನಲ್ಲಿ ಕೇಳ್ದಂಗೆ ಕೇಳ್ಬೇಡಿ," ಎಂದರು ಒಳಗಿಂದ ಬಂದ ಬೈರಮ್ಮ. ರೇಣವ್ವ ನೆಲ ನೋಡುತ್ತ ಹೇಳಿದರು: "ಎಡಗೈಲೇ ರೀ. ಯಾರೂ ಇಲ್ಲದಾಗ."

ಒಂದು ಸಲ ಬಾಯಿಬಿಟ್ಟ ಮೇಲೆ ಎಲ್ಲ ಬಂತು. ಹುಟ್ಟಿದಾಗಿನಿಂದ ಅವರಿಗೆ ಎಡಗೈಯೇ ಮುಂದು. ಸಣ್ಣವರಿದ್ದಾಗ ಊಟಕ್ಕೆ ಕೂರಿಸಿದರೆ ಅಜ್ಜಿ ಆ ಕೈಯನ್ನು ಬೆನ್ನ ಹಿಂದೆ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಉಣ್ಣುವುದು, ಬಡಿಸುವುದು ಬಲಗೈಗೆ ಬಂತು, ಹೆಚ್ಚುವುದು ಬರಲಿಲ್ಲ. ಊರಿನಲ್ಲಿ ಅದು ಯಾರಿಗೂ ಕಾಣಲಿಲ್ಲ, ಯಾಕೆಂದರೆ ಅಲ್ಲಿ ಈಳಿಗೆ ಮಣೆ. ಅದರ ಅಲಗು ಅಲುಗಾಡದೆ ನಿಂತಿರುತ್ತದೆ, ತರಕಾರಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಎಡವೇನು, ಬಲವೇನು! ಬೆಂಗಳೂರಿಗೆ ಬಂದು ಗ್ರಾನೈಟ್ ಕಟ್ಟೆಯ ಮುಂದೆ ಚಾಕು ಹಿಡಿದು ನಿಂತಾಗ ಕೈ ಬಯಲಾಯಿತು. ಜೆ.ಪಿ. ನಗರದ ಮೊದಲ ಮನೆಯವರು ನೋಡಿ, ದೇವರಿಗೆ ನೈವೇದ್ಯ ಇಡುವ ಮನೆ ಇದು, ಎಡಗೈ ಅಡುಗೆ ನಮಗಾಗುವುದಿಲ್ಲ ಎಂದು ಎರಡನೇ ವಾರಕ್ಕೇ ಬಿಡಿಸಿದರು. ಅಂದಿನಿಂದ ರೇಣವ್ವ ಕಳ್ಳರ ಹಾಗೆ ಹೆಚ್ಚುತ್ತಿದ್ದಾರೆ. ಚಪ್ಪಲಿ ಸದ್ದು ಕೇಳಿದರೆ ಚಾಕು ಬಲಗೈಗೆ, ಸದ್ದು ದೂರವಾದರೆ ಎಡಗೈಗೆ.

ಆ ಮನೆಯ ಇನ್ನೊಂದು ವಿಷಯ ಕೇಳಿ. ಮಗ ಎಡಗೈ ಬ್ಯಾಟ್ಸ್‌ಮನ್ ಆಗಲೆಂದು ದಿನಾ ಕಾರಿನಲ್ಲಿ ಕೋಚಿಂಗಿಗೆ ಕಳಿಸುತ್ತಿದ್ದ ಮನೆ ಅದು. ಮಗನ ಎಡಗೈ ಪ್ರತಿಭೆ, ಅಡುಗೆಯವರ ಎಡಗೈ ಮೈಲಿಗೆ. ದೇವರು ಎರಡೂ ಕೈ ಕೊಟ್ಟಾಗ ಯಾವುದೋ ಒಂದನ್ನು ಬಚ್ಚಿಡಿ ಎಂದು ಹೇಳಿ ಕಳಿಸಿದನೇ? ಈ ಶಾಸ್ತ್ರ ಮಾತಾಡುವವರಲ್ಲಿ ಎಷ್ಟು ಜನ ಒಂದು ಈರುಳ್ಳಿಯನ್ನಾದರೂ ತಾವೇ ಹೆಚ್ಚುತ್ತಾರೆ?

ಗಂಗಾಧರಯ್ಯನವರು ಚಾಕುವನ್ನು ಹೊರಳಿಸಿ ನೋಡಿದರು. ಇಳಿಜಾರು ಬಲಬದಿಗೆ, ಹಿಡಿಯ ಉಬ್ಬು ತಗ್ಗು ಬಲಗೈಗೆ. ಅದನ್ನು ಎಡಗೈಯಲ್ಲಿ ಹಿಡಿದರೆ ಹಿಡಿ ಅಂಗೈಯಲ್ಲಿ ಕೂರುವುದಿಲ್ಲ, ಅಲಗು ಓರೆ ಹೋಗುತ್ತದೆ. ಹರಿತ ಹೆಚ್ಚಾದಷ್ಟೂ ಅಪಾಯವೂ ಹೆಚ್ಚು.

"ಹಿರಿಯರ ಮುಂದ ಎಡಗೈ ಚಾಚಬಾರ್ದಲ್ರಿ," ಎಂದರು ರೇಣವ್ವ, ತಪ್ಪು ತಮ್ಮದೇ ಎಂಬಂತೆ. "ಅದಕ್ಕ ಮಣ್ಣು ಬಲಗೈಯಾಗ ಹಿಡದೆ."

"ತಪ್ಪು ನಿಂದಲ್ಲಮ್ಮ. ಗಾಡಿ ಕೆಳಗೆ ಇಳಿದು ನೋಡ್ದೇ ಒಂದು ಬೋಲ್ಟ್ ಮುಟ್ಟಿದೋನಲ್ಲ ನಾನು. ನೀನು ಹೆಚ್ಚೋದನ್ನ ಒಂದ್ಸಲನೂ ನೋಡ್ದೇ ಚಾಕು ಮಾಡ್ಬಿಟ್ಟೆ."

ಮತ್ತೆ ಮಣ್ಣು ಕಲಸಿ ಉಂಡೆ ಮಾಡಿದರು. ರೇಣವ್ವನವರ ಎಡಗೈ ಸೆರಗಿನೊಳಗಿಂದ ಹೊರಗೆ ಬರಲೊಲ್ಲದು.

"ನಾನೇನು ಪ್ರಸಾದ ಕೊಡ್ತಿದೀನಾ? ಮಣ್ಣಮ್ಮ ಇದು. ಹಿಡಿ."

ಬೈರಮ್ಮನವರಿಗೆ ನಗು ತಡೆಯಲಾಗಲಿಲ್ಲ. ರೇಣವ್ವನವರೂ ನಕ್ಕರು. ಎಡಗೈ ಹೊರಗೆ ಬಂತು.

ಉಳಿದದ್ದು ಮೂರು ದಿನ. ಎಂಟನೆಯ ದಿನ ಗಂಗಾಧರಯ್ಯನವರು ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದರು. ಅಲಗು ಬಡಿದು ತಟ್ಟೆಯಷ್ಟು ಸಪಾಟು ಮಾಡಿದರು. ಆದರೆ ಅರ ಹಿಡಿದ ಕೈ ಆರು ವರ್ಷದ ರೂಢಿಯಂತೆ ತಾನಾಗಿಯೇ ಬಲಬದಿಗೆ ಹೋಯಿತು. ಗಮನಕ್ಕೆ ಬರುವಷ್ಟರಲ್ಲಿ ಅಲಗು ಕೆಟ್ಟಿತ್ತು. ಅದನ್ನು ಮೂಲೆಗೆ ಎಸೆದು, ಇನ್ನೊಂದು ಪಟ್ಟಿ ತೆಗೆದುಕೊಂಡು, ಅದರ ಎಡಬದಿಗೆ ಸೀಮೆಸುಣ್ಣದಿಂದ ದೊಡ್ಡದಾಗಿ "ರೇಣವ್ವ" ಎಂದು ಬರೆದುಕೊಂಡೇ ಮತ್ತೆ ಶುರು ಮಾಡಿದರು. ಬೆಂಕಿಗೆ ಹೋದಾಗಲೆಲ್ಲ ಅಕ್ಷರ ಹಾರಿಹೋಗುತ್ತಿತ್ತು. ತಣ್ಣಗಾದ ಕೂಡಲೇ ಮತ್ತೆ ಬರೆಯುತ್ತಿದ್ದರು. ಅತ್ತ ಪಿಜಿಯಲ್ಲಿ ರೇಣವ್ವ ಗಾಯದ ಬೆರಳಿಟ್ಟುಕೊಂಡು ಮೊಂಡು ಚಾಕುವಿನಲ್ಲೇ ಎರಡು ದಿನ ಏಗಿದರು. ಎರಡು ದಿನವೂ ತಿಂಡಿ ತಡವಾಯಿತು, ಹುಡುಗಿಯರು ಗೊಣಗಿದರು, ಹತ್ತನೆಯ ದಿನ ತಾನೇ ಬಂದು ನಿಂತು ನೋಡುತ್ತೇನೆ ಎಂದರು ಮಧುಮತಿ.

ಒಂಬತ್ತನೆಯ ದಿನ ಸಂಜೆ ಹೊಸ ಚಾಕುವನ್ನು ಜಗಲಿಯ ಮೇಲಿಟ್ಟರು. ರೇಣವ್ವ ಎಡಗೈಯಲ್ಲೇ ಎತ್ತಿಕೊಂಡರು. ತೆಗೆದುಕೊಳ್ಳುವುದನ್ನಾದರೂ ಬಲಗೈಯಲ್ಲಿ ತಗೊಳಮ್ಮ ಎಂದು ಬೈರಮ್ಮನವರ ಬಾಯಿಂದ ಬಂದೇಬಿಟ್ಟಿತು. ಒಳ್ಳೆಯ ಹೆಂಗಸು, ಆದರೂ ಬಂತು. ನಮ್ಮೆಲ್ಲರ ಬಾಯಲ್ಲೂ ಅದು ಹಾಗೆ ಕಾದು ಕೂತಿರುತ್ತದೆ.

"ಅವಳ ಚಾಕು ಕಣೆ," ಎಂದರು ಗಂಗಾಧರಯ್ಯ, ಅಷ್ಟೇ.

ಹತ್ತನೆಯ ದಿನ ಬೆಳಿಗ್ಗೆ ಐದಕ್ಕೆ ರೇಣವ್ವ ಹೆಚ್ಚಲು ನಿಂತರು. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿ ಒಂದೇ ಸಮ ಬೀಳುತ್ತಿದ್ದವು. ಆರು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಕೈ ತಾನಾಗಿ ಚಾಕು ಬದಲಿಸಲು ಹೋಯಿತಂತೆ. ಬಲಗೈಗೆ ಆ ಹಿಡಿ ಕೂರಲಿಲ್ಲ. ಮತ್ತೆ ಎಡಗೈಗೇ ತೆಗೆದುಕೊಂಡು, ತಲೆ ಎತ್ತದೆ ಹೆಚ್ಚುತ್ತ ಹೋದರು. ಮಧುಮತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಅದ್ಯಾಕೆ ಎಡಗೈ ಎಂದು ಕೇಳಿದರು.

"ಇದು ಎಡಗೈ ಚಾಕೂರಿ ಮೇಡಂ. ನನ್ನ ಕೈ ನೋಡೇ ಮಾಡ್ಯಾರ್ರಿ."

ಮಧುಮತಿ ತುಂಬಿದ ಎರಡು ಟಬ್ಬುಗಳನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. "ಬಡಿಸೋವಾಗ ಮಾತ್ರ ಬಲಗೈ ಇರ್ಲಿ," ಎಂದರು.

"ಬಡ್ಸೂದು ಬಲಗೈಲೇ ರೀ. ಸೌಟಿಗೆ ಎಡ ಬಲ ಇಲ್ಲಲ್ರಿ."

ಏಳು ಇಪ್ಪತ್ತಕ್ಕೆ ಉಪ್ಪಿಟ್ಟು ಸಿದ್ಧವಾಯಿತು. ಕೆಲಸ ಖಾಯಂ ಆಯಿತು. ಬಡಿಸುವ ಷರತ್ತು ನನಗಿನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ರೇಣವ್ವನವರಿಗೆ ಸಿಕ್ಕಿಕೊಂಡಿಲ್ಲ. ಕಳೆದ ಭಾನುವಾರ ಅವರು ಹತ್ತು ಗಂಟೆಯವರೆಗೆ ಮಲಗಿದ್ದರೆಂದು ಬೈರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು.

ಗಂಗಾಧರಯ್ಯನವರು ಈಗ ಹೊಸಬರಿಗೆ ಚಾಕು ಮಾಡುವುದನ್ನು ನಿಲ್ಲಿಸಿ, ಹಳೆಯ ನಲವತ್ತು ಮನೆಗಳಿಗೂ ಒಂದೊಂದಾಗಿ ಹೋಗುತ್ತಿದ್ದಾರೆ. ಚಾಕು ಚೆನ್ನಾಗಿದೆಯೇ ಎಂದು ಗೆಳೆಯರನ್ನು ಕೇಳುವುದಿಲ್ಲ, ನೇರ ಅಡುಗೆಮನೆಗೆ ಹೋಗಿ, ಒಂದು ಈರುಳ್ಳಿ ಹೆಚ್ಚಿ ತೋರಿಸಿ ಎನ್ನುತ್ತಾರೆ. ಹನ್ನೆರಡು ಮನೆ ಮುಗಿದಿದೆ. ಒಂದು ಮನೆಯಲ್ಲಿ ಅವರ ಚಾಕು ಪಾರ್ಸೆಲ್ ಡಬ್ಬ ಕುಯ್ಯುವ ಕೆಲಸದಲ್ಲಿತ್ತು. ಎರಡು ಮನೆಯಲ್ಲಿ ಹೆಚ್ಚುವವರು ಮೊದಲು ಬಲಗೈಯಲ್ಲಿ ಹಿಡಿದು, ಮನೆಯವರು ಆಚೆ ಹೋದ ಮೇಲೆ ಕೈ ಬದಲಿಸಿದರು. ಅವರಿಬ್ಬರ ಅಚ್ಚು ಈಗ ಶೆಡ್ಡಿನಲ್ಲಿ ಒಣಗುತ್ತಿದೆ.

ಊರಿನ ಉಳಿದ ಮನೆಗಳಿಗೆಲ್ಲ ಹೋಗಲು ಒಬ್ಬ ಗಂಗಾಧರಯ್ಯನವರಿಂದ ಆಗುವುದಿಲ್ಲ. ಆದ್ದರಿಂದ ಪತ್ರಿಕೆ ಕೆಳಗಿಡಿ. ಎದ್ದು ಒಳಗೆ ಹೋಗಿ, ನಿಮಗಾಗಿ ಹೆಚ್ಚುತ್ತಿರುವವರನ್ನು, ಅವರು ಸಂಬಳಕ್ಕೆ ಬಂದವರಿರಲಿ, ಹೆತ್ತವರಿರಲಿ, ನಿಮಗೆ ಯಾವ ಕೈ ಸಲೀಸು ಎಂದು ಕೇಳಿ. ಎಡಗೈ ಎಂದರೆ, ಇನ್ನು ಮೇಲೆ ಈ ಮನೆಯಲ್ಲಿ ಅದನ್ನು ಬಚ್ಚಿಡಬೇಡಿ ಎಂದು ನಿಮ್ಮ ಬಾಯಿಂದಲೇ, ಮನೆಮಂದಿಯೆಲ್ಲ ಕೇಳುವಂತೆ, ಇವತ್ತೇ ಹೇಳಿ.