ಎಡಗಾಲು ಚಾಚಿದ ದಿನ

ಎಡಗಾಲಿನ ಹಿಮ್ಮಡಿಯ ಮೇಲಿನ ನರ ಹರಿದಾಗ ನನಗೆ ನಲವತ್ತೊಂದು. ಕಬಡ್ಡಿ ಆಡುತ್ತ ಎದುರಾಳಿಯನ್ನು ಮುಟ್ಟಿ ಹಿಂದಕ್ಕೆ ಜಿಗಿದಿದ್ದೆ. ಯಾರೋ ಹಿಂದಿನಿಂದ ಒದ್ದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಉಳುಕಿರಬೇಕೆಂದು, ಕಾಲು ಮುಂದಾಗಿ ಹುಟ್ಟಿದ ನಮ್ಮ ಚಿಕ್ಕಮ್ಮನಿಂದ ಮೂರು ದಿನ ತುಳಿಸಿಕೊಂಡೆ. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಮ್ಮನೂ ಭಕ್ತಿಯಿಂದಲೇ ತುಳಿದಳು. ನಾಲ್ಕನೆಯ ದಿನ ತಿಪಟೂರಿನ ಡಾಕ್ಟರು ಎಲ್ಲ ಕೇಳಿ, ಹಣೆ ಚಚ್ಚಿಕೊಂಡು, ಆಪರೇಷನ್ನಿಗೆ ಬರೆದುಕೊಟ್ಟರು.

ಆಮೇಲಿನ ಬೇಸರವನ್ನು ಏನೆಂದು ಹೇಳಲಿ. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗುವಷ್ಟು ಕಾಲ, ಹೆಚ್ಚುಕಡಿಮೆ ಒಂದು ವರ್ಷ, ಹಿಡಿಯಿತು. ಮೊದಲು ಪಟ್ಟಿ, ಆಮೇಲೆ ಊರುಗೋಲು, ಆಮೇಲೆ ಬೆಳಿಗ್ಗೆ ಸಂಜೆ ಜಗಲಿಯ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಇಳಿಸುವುದು. ಈ ವಯಸ್ಸಿಗೆ ಇನ್ನು ಕಬಡ್ಡಿ ಸಾಕು ಎಂದಳು ಹೆಂಡತಿ. ನನಗೂ ಸಾಕಾಗಿತ್ತು; ಆದರೆ ನಾನಾಗಿ ಬಿಡುವುದು ಬೇರೆ, ಕಾಲು ಬಿಡಿಸುವುದು ಬೇರೆ. ಒಂದೇ ಒಂದು ಸಲ ಮೊದಲಿನ ಹಾಗೆ ಆಡಿ ಬಿಡಬೇಕೆಂಬ ಹಟ ನನ್ನದು.

ಕಾಲು ವಾಸಿಯಾದ ಮೇಲೆ ಒಂದು ಭಾನುವಾರ ನಮ್ಮ ಹೊನ್ನವಳ್ಳಿಯ ಶಾಲೆಯ ಬಯಲಿಗೆ ದಂಡಿನಶಿವರದವರು ಆಡಲು ಬಂದರು. ಅವರ ಮೂಲೆಯಲ್ಲಿ ನಿಲ್ಲುವವನು ನನ್ನದೇ ವಯಸ್ಸಿನವನು, ಹದಿನೈದು ವರ್ಷದಿಂದ ನಾನು ಮುಂದೆ ಚಾಚುವ ಎಡಗಾಲನ್ನೇ ಹಿಡಿಯಲು ಕಣ್ಣಿಟ್ಟವನು. ಅಂದು ನಾಲ್ಕು ಸಲ ದಾಳಿಗೆ ಹೋದೆ. ನಾಲ್ಕು ಸಲವೂ ಅವನು ಬಗ್ಗಿ ನಿಂತನೇ ಹೊರತು ಕೈ ಚಾಚಲಿಲ್ಲ. ಬದುಕಿ ಬಂದೆನೆಂದು ನಮ್ಮವರು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ರೋಗಿಗೆ ಗಂಜಿ ಕುಡಿಸುವ ಹಾಗೆ ನನ್ನನ್ನು ಆಡಿಸುತ್ತಿದ್ದಾನೆ ಅನ್ನಿಸಿತು.

ಅರ್ಧ ಆಟ ಮುಗಿದು ನೀರು ಕುಡಿಯುವಾಗ ಕೇಳಿಯೇಬಿಟ್ಟೆ. "ನನ್ನ ಮ್ಯಾಲೆ ಕನಿಕರ ಏನ್ಲಾ? ಕಾಲು ಯಾಕೆ ಹಿಡೀಲಿಲ್ಲ?"

ಅವನು ಬಾಯೊರೆಸಿಕೊಂಡ. "ಕನಿಕರನೂ ಇಲ್ಲ, ಎಂಥದೂ ಇಲ್ಲ ಕಣ್ಲಾ. ನೀನು ಎಡಗಾಲು ಮುಂದಕ್ಕೆ ಇಟ್ಟೇ ಇಲ್ಲ. ನಾನೆಲ್ಲಿ ಹಿಡೀಲಿ?"

ನಾಲ್ಕು ಸಲವೂ ಬಲಗಾಲನ್ನೇ ಮುಂದೆ ಮಾಡಿ, ಎಡಗಾಲನ್ನು ಹಿಂದೆ ಬಚ್ಚಿಟ್ಟುಕೊಂಡು ಬಂದಿದ್ದೆ; ನನಗದು ಗೊತ್ತೇ ಆಗಿರಲಿಲ್ಲ. ನನ್ನ ಹೆದರಿಕೆ ನನಗಿಂತ ಮೊದಲು ಅವನ ಕಣ್ಣಿಗೆ ಬಿದ್ದಿತ್ತು. ನಾಚಿಕೆಯಾಯಿತು.

ಮತ್ತೆ ಆಟ ಶುರುವಾದಾಗ ನೇರ ಅವನ ಮೂಲೆಗೇ ಹೋಗಿ ಎಡಗಾಲು ಚಾಚಿದೆ. ಎರಡೂ ಕೈಯಲ್ಲಿ ಹಿಡಿದ. ಉಳಿದವರು ಮೇಲೆ ಬಿದ್ದರು. ಮಣ್ಣಿಗೆ ಮುಖ ಕೊಟ್ಟು, ಇನ್ನೇನು ಹರಿಯುತ್ತದೆಂದು ಕಾದೆ. ಹರಿಯಲಿಲ್ಲ. ಔಟಾಗಿ ಗೆರೆಯಾಚೆ ಬಂದು ಕೂತೆ. ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ.

"ಇನ್ನು ಕಬಡ್ಡಿ ನಾನಾಗೇ ಬುಟ್ಬುಡ್ತೀನಿ ಕಣೇ," ಎಂದೆ.